ಪದಚರ್ಚೆ: 'ಹಾಪ್' ಎಂಬುದಕ್ಕೆ 'ಕೂಗಳತೆ' ಆದೀತೇ?

ಎಲ್ಲರಿಗೂ ಶರಣು.

ಬರೆಯುತ್ತಿರುವುದು ವಿಜಯಪುರದಿಂದ. ಸರ್ಕಾರ ಇಂಟರ್ನೆಟ್ ನಿಲ್ಲಿಸಿದ ದಿನ ರೇಡಿಯೊ ಮೂಲಕ ಸುದ್ದಿ ಮುಟ್ಟಿಸುವ ಬಗೆ ಹೇಗೆ ಎಂದು ನಾನೂ ನನ್ನ ಅಣ್ಣನ ಮಗನೂ ಕೂಡಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ವಿಷಯ ಅವನದು, ಕನ್ನಡ ನನ್ನದು, ಜಗಳ ಇಬ್ಬರದು. ಸುದ್ದಿಯನ್ನು ಒಂದು ರೇಡಿಯೊ ಇನ್ನೊಂದಕ್ಕೆ ಎಷ್ಟು ಸಲ ದಾಟಿಸುತ್ತದೆ ಎಂಬ ಲೆಕ್ಕಕ್ಕೆ 'ಹಾಪ್' ಎನ್ನುತ್ತಾರೆ; ಮುಖ್ಯ ಜಗಳ ಅದರ ಕನ್ನಡದ್ದು.

ರೇಡಿಯೊಗೆ 'ನಿಸ್ತಂತು' ಎಂಬುದು ಮೊದಲ ಸಾಲಿನಲ್ಲೇ ಬಿದ್ದುಹೋಯಿತು; ಮೊಬೈಲೂ ನಿಸ್ತಂತುವೇ ಅಲ್ಲವೇ? ಮರಾಠಿಯ 'ಬಿನತಾರಿ' ಕಿವಿಗೆ ಚಂದ, ಆದರೆ ಅದಕ್ಕೂ ಅದೇ ತೊಡಕು. 'ರೇಡಿಯೊ' ಎಂದೇ ಇಟ್ಟೆವು. ಅದು ಕೇಳುವ ಪೆಟ್ಟಿಗೆ, ಮಾತಾಡುವ ಪೆಟ್ಟಿಗೆ ಅಲ್ಲ ಎಂದು ನಮ್ಮವ್ವನ ತಕರಾರು.

ನಿಜವಾಗಿ ಸಿಕ್ಕಿಬಿದ್ದಿರುವುದು ಮುಂದೆ. ಹವ್ಯಾಸಕ್ಕೆಂದು ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ರೇಡಿಯೊದವರು 'ರಿಪೀಟರ್' ಎನ್ನುತ್ತಾರಲ್ಲ, ಗುಡ್ಡದ ಮೇಲೋ ಎತ್ತರದ ಕಟ್ಟಡದ ಮೇಲೋ ಕೂತು, ಕೇಳಿದ ದನಿಯನ್ನು ಬೇರೊಂದು ಕಂಪನಾಂಕದಲ್ಲಿ ದೂರಕ್ಕೆ ಸಾರುವ ಯಂತ್ರ, ಅದಕ್ಕೆ ನಾನು 'ಮಾರ್ದನಿಗ' ಎಂದೆ. ಗೋಳಗುಮ್ಮಟದ ಊರವನಿಗೆ ಬೇರೆ ಏನು ಹೊಳೆದೀತು! ಆದರೆ ಮಾರ್ದನಿ ಕೂಗಿದವನ ಕಡೆಗೇ ತಿರುಗಿ ಬರುತ್ತದೆ. ರಿಪೀಟರ್ ಮುಂದಿನವನಿಗೆ ದಾಟಿಸುತ್ತದೆ. ಅದೇ ಗುಮ್ಮಟದ ಮೇಲಿನ ಸುತ್ತಿನಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಕೂತವರಿಗೆ ಕೇಳುತ್ತದಲ್ಲ, ಹೋಲಿಕೆ ಅದಕ್ಕೆ ಹತ್ತಿರ. ಅದಕ್ಕೊಂದು ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಎರಡನೆಯದು 'ಹಾಪ್'. ಮೆಶ್ಟಾಸ್ಟಿಕ್ ಎಂಬ ತಂತ್ರಾಂಶ ಹಾಕಿದ ಅಂಗೈಯಗಲದ ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ಬಗೆಯ) ರೇಡಿಯೊಗಳಿವೆ. ಮಾತು ಹೋಗದು, ಚಿಕ್ಕ ಬರಹ ಮಾತ್ರ. ನಮ್ಮಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ ಬಳಸಿದರೆ ಬಳಸುವವರಿಗೆ ಪರವಾನಗಿ ಬೇಡ. ಹ್ಯಾಮ್‌ಗಾದರೆ ಪರೀಕ್ಷೆ, ಪರವಾನಗಿ ಎರಡೂ ಬೇಕು, ಗುಪ್ತಲಿಪಿಯಲ್ಲಿ ಮಾತಾಡುವಂತಿಲ್ಲ. ಈ ಲೋರಾ ಪೆಟ್ಟಿಗೆಗಳು ಒಂದು ಕೇಳಿದ್ದನ್ನು ಇನ್ನೊಂದಕ್ಕೆ ದಾಟಿಸುತ್ತ ಹೋಗುತ್ತವೆ. ಎಷ್ಟು ಸಲ ದಾಟಿಸಬೇಕು ಎಂಬ ಲೆಕ್ಕವೇ ಹಾಪ್: ನಾವೇನೂ ಬದಲಿಸದಿದ್ದರೆ 3, ಹೆಚ್ಚೆಂದರೆ 7. (ನಮ್ಮ ಗುಮ್ಮಟದ ಗೈಡುಗಳೂ ಮಾರ್ದನಿ ಏಳು ಸಲ ಎನ್ನುತ್ತಾರೆ, ಇರಲಿ.)

'ಜಿಗಿತ' ಎಂದರೆ ಕಪ್ಪೆ ಕಣ್ಣಿಗೆ ಬರುತ್ತದೆ. ನಾನು 'ಕೂಗಳತೆ' ಎಂದೆ: ಮೂರು ಕೂಗಳತೆಗೆ ಸಂದೇಶ ನಿಲ್ಲುತ್ತದೆ.

“ಕಾಕಾ, ಕೂಗಳತಿ ಅಂದ್ರ ಮಗ್ಗಲ ಹೊಲದಷ್ಟು ದೂರ. ಇದು ಬಯಲಾಗ ಕಿಲೋಮೀಟರ್‌ಗಟ್ಟಲೆ ಹೋಗತೈತಿ,” ಎಂದ ಹುಡುಗ.

ಮಾರು ಅಳೆಯುವವನ ತೋಳಿಗೆ ತಕ್ಕಷ್ಟು, ಕೂಗಳತೆ ಕೂಗುವವನ ಗಂಟಲಿಗೆ ತಕ್ಕಷ್ಟು; ಈ ಪೆಟ್ಟಿಗೆಯ ಗಂಟಲು ದೊಡ್ಡದು, ಅಷ್ಟೇ ಎಂಬುದು ನನ್ನ ವಾದ. ಅವನು ಒಪ್ಪಿಲ್ಲ.

ಇನ್ನೊಂದು, ಪತ್ರಿಕೆಗಳ 'ಇಂಟರ್ನೆಟ್ ಸ್ಥಗಿತ' ನನಗೆ ಒಗ್ಗುವುದಿಲ್ಲ. ಎಣ್ಣೆ ಮುಗಿದು ಗಾಡಿ ತಾನೇ ನಿಂತಂತೆ ಕೇಳುತ್ತದೆ. ನಮ್ಮ ಓಣಿಯಲ್ಲಿ ಕರೆಂಟು ಹೋದಾಗ 'ನೆಟ್ ಬಂದ್ ಆಗೇತಿ', ಆದೇಶ ಬಂದಾಗ 'ನೆಟ್ ಬಂದ್ ಮಾಡ್ಯಾರ'. ಕೈಪಿಡಿಯಲ್ಲಿ 'ಬಂದ್ ಮಾಡಿದಾಗ' ಎಂದೇ ಬರೆದಿದ್ದೇನೆ.

ಹೊಲದಲ್ಲಿ ಒಬ್ಬನ ಕೂಗನ್ನು ನಡುವಿನವನು ಎತ್ತಿಕೊಂಡು ಮುಂದಿನವನಿಗೆ ಕೂಗಿ ಮುಟ್ಟಿಸುವುದಕ್ಕೆ ನಿಮ್ಮ ಕಡೆ ಒಂದೇ ಮಾತಿನ ಹೆಸರಿದೆಯೇ? ಕೃಷ್ಣೆಯ ದಂಡೆಯಿಂದ ಅಂಬಿಗರನ್ನು ಕೂಗಿ ಕರೆದು ಗೊತ್ತಿರುವ ಬಾಗಲಕೋಟೆ ಕಡೆಯ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.