ಮನೆಗೆ ಯಾವ ಸರಳು, ಬೇಲಿಗೆ ಯಾವ ತಂತಿ: ಶಿಡ್ಲಘಟ್ಟದ ಪ್ರಶ್ನೆಯೊಂದಕ್ಕೆ ಬಂದ ಅನುಭವದ ಉತ್ತರಗಳು

ಪ್ರಶ್ನೆ – ಶಿಡ್ಲಘಟ್ಟ ತಾಲ್ಲೂಕಿನ ರೈತರೊಬ್ಬರಿಂದ

ನಮ್ಮ ಎರಡು ಎಕರೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಒಂದಂತಸ್ತಿನ ಆರ್‌ಸಿಸಿ ಮನೆ, ಪಕ್ಕದಲ್ಲಿ ಹುಳು ಸಾಕಲು ಶೀಟಿನ ಶೆಡ್ಡು ಮತ್ತು ತೋಟದ ಸುತ್ತ ಬೇಲಿ ಮಾಡಿಸಬೇಕೆಂದಿದ್ದೇನೆ. ಅಂಗಡಿಯಲ್ಲಿ ಕಾಂಕ್ರೀಟಿನೊಳಗೆ ಹಾಕುವ ಸರಳಿಗೆ 500, 500ಡಿ, 550ಡಿ ಎಂದು ಮೂರು ದರ್ಜೆಯ ದರ ಹೇಳುತ್ತಾರೆ. ಮೇಸ್ತ್ರಿಯವರು ‘ಎಲ್ಲವೂ ಒಂದೇ ಕಬ್ಬಿಣ, ದಪ್ಪ ನೋಡಿ ತನ್ನಿ’ ಎನ್ನುತ್ತಾರೆ. ಬೇಲಿಗೆ ಆಂಗಲ್ (ಎಲ್ ಆಕಾರದ ಕಬ್ಬಿಣದ ಕಂಬ) ನೆಡಿಸುವುದೋ ಕಲ್ಲುಕಂಬವೇ ಸಾಕೋ ಎಂಬುದೂ ತಿಳಿಯದಾಗಿದೆ. ಕಟ್ಟಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಚಿಂತಾಮಣಿಯ ಸಿವಿಲ್ ಎಂಜಿನಿಯರ್

ನಿಮ್ಮ ಮೇಸ್ತ್ರಿಯವರ ಮಾತನ್ನು ನಾನು ಒಪ್ಪುವುದಿಲ್ಲ. 500 ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್ ಎಳೆತ ಬೀಳುವವರೆಗೂ ಸರಳು ಶಾಶ್ವತವಾಗಿ ಹಿಗ್ಗಬಾರದು ಎಂಬ ಅಳತೆ. ಅದರ ಮುಂದಿನ ‘ಡಿ’ ಅಕ್ಷರವು ಮುರಿಯುವ ಮೊದಲು ಸರಳು ಎಷ್ಟು ಹಿಗ್ಗಬಲ್ಲದು ಎಂಬುದಕ್ಕೆ ಸಂಬಂಧಿಸಿದ್ದು. ಸರಳಿನ ಭಾರತೀಯ ಮಾನದಂಡವಾದ ಐಎಸ್ 1786ರ ಪ್ರಕಾರ ಬರಿಯ 500 ದರ್ಜೆ ಕನಿಷ್ಠ ಶೇ 12ರಷ್ಟು ಹಿಗ್ಗಬೇಕು, 500ಡಿ ಶೇ 16ರಷ್ಟು, 550ಡಿ ಶೇ 14.5ರಷ್ಟು. ಸರಳನ್ನು ಪೆಡಸು ಮಾಡುವ ಗಂಧಕ ಮತ್ತು ರಂಜಕಗಳು 500ರಲ್ಲಿ ತಲಾ ಶೇ 0.055ರವರೆಗೆ ಇರಬಹುದಾದರೆ, 500ಡಿಯಲ್ಲಿ ಶೇ 0.040 ಮೀರುವಂತಿಲ್ಲ. ಈ ವ್ಯತ್ಯಾಸ ಕೆಲಸದ ಸ್ಥಳದಲ್ಲೇ ಕಣ್ಣಿಗೆ ಬೀಳುತ್ತದೆ: ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯನ್ನು ಬಗ್ಗಿಸುವಾಗ ಕಳಪೆ ಸರಳಿನ ಹೊರಮೈಯಲ್ಲಿ ಕೂದಲಿನಷ್ಟು ಸಣ್ಣ ಸೀಳುಗಳು ಮೂಡುತ್ತವೆ. ನಮ್ಮ ಜಿಲ್ಲೆ ಭೂಕಂಪದ ಅಪಾಯ ಕಡಿಮೆಯಿರುವ ವಲಯದಲ್ಲಿದ್ದರೂ 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಸುತ್ತ ನೆಲ ನಡುಗಿದ್ದನ್ನು ಯಾರೂ ಮರೆತಿರಲಾರರು.

550ಡಿ ಕೊಂಡರೆ ಕಬ್ಬಿಣ ಉಳಿಯುತ್ತದೆ ಎಂಬ ಮಾತು, ನಕ್ಷೆ ಮಾಡಿದವರು ಆ ದರ್ಜೆಗೇ ಲೆಕ್ಕ ಹಾಕಿದ್ದರೆ ಮಾತ್ರ ನಿಜ. ಚಿಕ್ಕ ಮನೆಯ ಸ್ಲ್ಯಾಬಿನಲ್ಲಿ ಬಹಳಷ್ಟು ಕಡೆ, ಭಾರ ಎಷ್ಟೇ ಕಡಿಮೆಯಿದ್ದರೂ ಇಷ್ಟು ಸರಳು ಇರಲೇಬೇಕೆಂಬ ಕನಿಷ್ಠ ಕಬ್ಬಿಣದ ನಿಯಮವೇ ಸರಳಿನ ಪ್ರಮಾಣವನ್ನು ನಿರ್ಧರಿಸುವುದರಿಂದ ಅಲ್ಲಿ ಉಳಿಯುವುದು ಏನೂ ಇಲ್ಲ. 500ಡಿ ತನ್ನಿ, ಎಲ್ಲ ಗಾತ್ರದಲ್ಲೂ ಅದನ್ನೇ ತನ್ನಿ. ಎರಡು ದರ್ಜೆಯ ಸರಳು ಒಂದೇ ರಾಶಿಯಲ್ಲಿ ಬಿದ್ದರೆ, ಒತ್ತಿರುವ ಅಕ್ಷರವನ್ನು ಓದದ ಹೊರತು ಕಂಬಿ ಕಟ್ಟುವವರಿಗೆ ಭೇದ ತಿಳಿಯುವುದಿಲ್ಲ, ಮತ್ತು ಅವರು ಓದುವುದೂ ಇಲ್ಲ.

ಕೋಲಾರದಲ್ಲಿ ಮನೆ ಕಟ್ಟಿಸಿದವರು

ದರ್ಜೆಯ ವಿಷಯ ಹೇಳಿದ್ದಾಗಿದೆ, ನಾನು ತೂಕದ ವಿಷಯ ಹೇಳುತ್ತೇನೆ, ಏಕೆಂದರೆ ನಾನು ಮೋಸಹೋದದ್ದು ಅಲ್ಲಿಯೇ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 8 ಎಂಎಂ ಮೀಟರಿಗೆ 395 ಗ್ರಾಂ, 10 ಎಂಎಂ 617 ಗ್ರಾಂ, 12 ಎಂಎಂ 888 ಗ್ರಾಂ, 16 ಎಂಎಂ 1.58 ಕಿಲೋ. ಹನ್ನೆರಡು ಮೀಟರಿನ ಒಂದು 12 ಎಂಎಂ ಸರಳು 10.66 ಕಿಲೋ ತೂಗಬೇಕು. ಬಿಡಿ ಸರಳಿನಲ್ಲಿ ಈ ಗಾತ್ರಕ್ಕೆ ಶೇ 6ರಷ್ಟು ಕಡಿಮೆಯಾಗಲು ಮಾನದಂಡವೇ ಅವಕಾಶ ಕೊಟ್ಟಿದೆ, ಅಂದರೆ ಹತ್ತು ಕಿಲೋ ಆಸುಪಾಸಿನವರೆಗೆ ಸಹಿಸಬಹುದು. ನನ್ನ ಮನೆಗೆ ಬಂದ ಸರಳು 9.6 ಕಿಲೋ ತೂಗಿತು. ಅದು ಗೊತ್ತಾಗುವ ಹೊತ್ತಿಗೆ ಪಾಯದ ಕೆಲಸ ಮುಗಿದಿತ್ತು.

ಎಣಿಕೆಯ ಲೆಕ್ಕದಲ್ಲಿ ಕೊಂಡರೆ ತೆಳು ಸರಳಿನಿಂದ ನಿಮ್ಮ ಹಣ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಕೊಂಡರೆ ಹಣವೇನೂ ಹೋಗುವುದಿಲ್ಲ, ಬದಲಿಗೆ ನಾಲ್ಕು ಸರಳು ಹೆಚ್ಚೇ ಬರುತ್ತವೆ ಎಂದು ನಾವು ಸಂತೋಷಪಡುತ್ತೇವೆ; ಆದರೆ ತೊಲೆಯೊಳಗೆ ಕೂರುವುದು ನಕ್ಷೆಯಲ್ಲಿ ಬರೆದ ಎಣಿಕೆಯಷ್ಟೇ ಸರಳು, ಆದ್ದರಿಂದ ಅಲ್ಲಿ ಕಬ್ಬಿಣ ಕಡಿಮೆ ಬಿದ್ದಂತೆಯೇ. ವೇಬ್ರಿಡ್ಜಿನ ಚೀಟಿಯೊಂದೇ ಸಾಲದು. ಸರಿಯಾಗಿ ಒಂದು ಮೀಟರಿನ ತುಂಡನ್ನು ಕತ್ತರಿಸಿ ಊರಿನ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯ ಮೇಲೆ ಇಡಿ. ಅಂಗಡಿಯವರು ನಗಬಹುದು, ನಗಲಿ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು

ಹುಳು ಮನೆಯ ವಿಷಯ ಮಾತ್ರ ಹೇಳುತ್ತೇನೆ. ಪ್ರತಿ ಬೆಳೆಗೂ ನಾವು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರನ್ನು ಗೋಡೆ, ನೆಲ, ಸ್ಟ್ಯಾಂಡುಗಳಿಗೆಲ್ಲ ಹೊಡೆಯುತ್ತೇವೆ. ಬ್ಲೀಚಿಂಗಿನ ಕ್ಲೋರಿನ್ ಕಬ್ಬಿಣಕ್ಕೆ ಬದ್ಧ ವೈರಿ. ನಾನು ಮೊದಲ ಶೆಡ್ಡಿಗೆ ಅಗ್ಗವೆಂದು ಬರಿಯ ಕಪ್ಪು ಪೈಪನ್ನು ಹಾಕಿಸಿ ಬಣ್ಣ ಬಳಿಸಿದ್ದೆ. ಮೂರನೆಯ ವರ್ಷಕ್ಕೆ ನೆಲಕ್ಕೆ ತಾಗಿದ ಗೇಣುದ್ದದ ಭಾಗ ಹಪ್ಪಳದಂತೆ ಪದರ ಪದರವಾಗಿ ಕಳಚತೊಡಗಿತು.

ಎರಡನೆಯ ಶೆಡ್ಡಿಗೆ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ತಂದೆ, ಆದರೂ ವೆಲ್ಡಿಂಗ್ ಮಾಡಿದ ಗಂಟುಗಳಲ್ಲಿಯೇ ಮೊದಲು ತುಕ್ಕು ಕಾಣಿಸಿತು. ಸತು 907 ಡಿಗ್ರಿಗೇ ಆವಿಯಾಗುತ್ತದೆ, ವೆಲ್ಡಿಂಗಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ಬೆಸುಗೆಯ ಸುತ್ತ ಉಳಿಯುವುದು ಬೆತ್ತಲೆ ಕಬ್ಬಿಣ. ಪ್ರತಿ ಗಂಟನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ಸತು ಹೆಚ್ಚಿರುವ ಪ್ರೈಮರನ್ನು ಎರಡು ಸಲ ಬಳಿಸಬೇಕು. ಸಾಧ್ಯವಿದ್ದಲ್ಲಿ ನಟ್ಟು ಬೋಲ್ಟಿನ ಜೋಡಣೆಯೇ ಮೇಲು. ಕಂಬದ ಬುಡವನ್ನು ನೆಲಮಟ್ಟದಲ್ಲಿ ನಿಲ್ಲಿಸದೆ, ತೊಳೆದ ನೀರು ತಾಗದಂತೆ ಒಂದು ಅಡಿ ಎತ್ತರದ ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಕೊಳವೆಬಾವಿಯ ನೀರು ಬಹಳ ಗಡಸು, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರಿನಲ್ಲಿ ಕಾಂಕ್ರೀಟ್ ಕಲಸಿದರೆ ಸರಳಿಗೆ ತೊಂದರೆಯಾಗುವುದೇ? ಮುಂದೆ ಮಹಡಿ ಕಟ್ಟುವ ಯೋಚನೆಯೂ ಇದೆ.

ಚಿಂತಾಮಣಿಯ ಸಿವಿಲ್ ಎಂಜಿನಿಯರ್

ಗಡಸುತನಕ್ಕಿಂತ ಕ್ಲೋರೈಡಿನ ಪ್ರಮಾಣ ಮುಖ್ಯ. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಕಾಂಕ್ರೀಟಿನ ಮಾನದಂಡವಾದ ಐಎಸ್ 456 ಹೇಳುತ್ತದೆ. ಕೆಲಸ ಆರಂಭಿಸುವ ಮುನ್ನ ಒಂದು ಬಾಟಲಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಇನ್ನು ಕವರ್ ಬ್ಲಾಕ್, ಅಂದರೆ ಸರಳು ಕಾಂಕ್ರೀಟಿನ ಹೊರಮೈಗೆ ಬಾರದಂತೆ ಇಡುವ ಬಿಲ್ಲೆ: ಸ್ಲ್ಯಾಬಿಗೆ 20 ಎಂಎಂ, ಕಂಬಕ್ಕೆ 40, ಪಾಯಕ್ಕೆ 50. ಸರಳಿನ ಕೆಳಗೆ ಜಲ್ಲಿ ತುಂಡು ಸಿಕ್ಕಿಸುವ ರೂಢಿಯನ್ನು ಬಿಡಿಸಿ.

ಮಹಡಿಗೆಂದು ತಾರಸಿಯ ಮೇಲೆ ಬಿಟ್ಟ ಸರಳುಗಳನ್ನು ನಮ್ಮ ಪ್ರತಿಯೊಂದು ಊರಿನಲ್ಲೂ ಕಾಣುತ್ತೇವೆ, ಕೆಲವರು ತುದಿಗೆ ಪ್ಲಾಸ್ಟಿಕ್ ಬಾಟಲಿಯನ್ನು ಬೋರಲು ಹಾಕಿರುತ್ತಾರೆ. ಆದರೆ ತುಕ್ಕು ತಿನ್ನುವುದು ತುದಿಯನ್ನಲ್ಲ, ಮಳೆ ನೀರು ನಿಲ್ಲುವ ಬುಡವನ್ನು. ನಾಲ್ಕೈದು ವರ್ಷ ತಡವಾಗುವುದಿದ್ದರೆ ಅವುಗಳಿಗೆ ಸಿಮೆಂಟ್ ಹಾಲು ಬಳಿದು, ಸುತ್ತ ತೆಳು ಕಾಂಕ್ರೀಟ್ ತುಂಬಿಸಿ ಮುಚ್ಚಿ; ಬೇಕಾದಾಗ ಒಡೆದು ತೆಗೆಯಬಹುದು. ಕೈಗೆ ಅಂಟುವ ತೆಳು ಕೆಂಪು ತುಕ್ಕಿಗೆ ಹೆದರಬೇಡಿ, ಪದರ ಏಳುವ ತುಕ್ಕಿಗೆ ಹೆದರಿ.

ಬಾಗೇಪಲ್ಲಿಯ ಕೃಷಿಕರು

ಬೇಲಿಯ ಲೆಕ್ಕವೇ ಬೇರೆ. ಇಲ್ಲಿ ಕಬ್ಬಿಣದ ದರ್ಜೆಯನ್ನು ಯಾರೂ ಕೇಳಬೇಕಾಗಿಲ್ಲ. ಬೇಲಿಯ ಆಯುಷ್ಯವನ್ನು ನಿರ್ಧರಿಸುವುದು ಮೇಲಿನ ಸತುವಿನ ಪದರ ಮತ್ತು ತಂತಿಯ ದಪ್ಪ. ಗೇಜು ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎಂಬುದನ್ನು ಮೊದಲು ನೆನಪಿಡಿ, ನಾನು ಮೊದಲ ಸಲ ತಿರುಗುಮುರುಗಾಗಿ ತಿಳಿದಿದ್ದೆ. 10 ಗೇಜ್ 3.25 ಎಂಎಂ, 12 ಗೇಜ್ 2.64 ಎಂಎಂ, ನೋಡಲು ಅಲ್ಪ ಅಂತರ, ಆದರೆ ಮೊದಲನೆಯದರಲ್ಲಿ ಕಬ್ಬಿಣ ಒಂದೂವರೆ ಪಟ್ಟು ಇರುತ್ತದೆ. ಚೈನ್‌ಲಿಂಕ್ (ಹೆಣೆದ ತಂತಿ ಬಲೆ) ಸುರುಳಿ ಕೊಳ್ಳುವಾಗ ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ಸತು ಇದೆ ಎಂಬುದನ್ನು ಬಿಲ್ಲಿನಲ್ಲಿ ಬರೆಸಿ. ಬರೆಯಲು ಹಿಂಜರಿಯುವ ಅಂಗಡಿಯಿಂದ ನಾನು ಕೊಳ್ಳುವುದಿಲ್ಲ.

ಎರಡು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 1,180 ಅಡಿ. ಹತ್ತು ಅಡಿಗೊಂದರಂತೆ 118 ಕಂಬ. ಎಂಟು ಅಡಿಯ 40×40×5 ಎಂಎಂ ಆಂಗಲ್ ಒಂದಕ್ಕೆ 7.3 ಕಿಲೋ, 50×50×6 ಆದರೆ 11 ಕಿಲೋ. ಒಟ್ಟಾರೆ 430 ಕಿಲೋಗಿಂತ ಹೆಚ್ಚಿನ ವ್ಯತ್ಯಾಸ. ಇಷ್ಟು ಕಬ್ಬಿಣ ಕೊಳ್ಳುವ ಬದಲು ದ್ರಾಕ್ಷಿ ಚಪ್ಪರಕ್ಕೆ ನಮ್ಮವರು ನೆಡುವ ಕಲ್ಲುಕೂಚವನ್ನೇ ನೆಡಿಸಿ, ಉಳಿದ ಹಣವನ್ನು ದಪ್ಪ ತಂತಿಗೆ ಹಾಕುವುದು ಮೇಲೆಂದು ನನ್ನ ಅಭಿಪ್ರಾಯ. ಕಲ್ಲಿಗೆ ತುಕ್ಕಿಲ್ಲ, ಕದ್ದು ಗುಜರಿಗೆ ಹಾಕುವವರೂ ಇಲ್ಲ. ಟ್ರ್ಯಾಕ್ಟರ್ ತಾಗಿದರೆ ಮುರಿಯುತ್ತದೆ ಎಂಬುದೊಂದೇ ತಕರಾರು. ಮೂಲೆಗಳಲ್ಲಿ ಎರಡೂ ಕಡೆಗೆ ಒತ್ತುಗಲ್ಲು ಕೊಡದಿದ್ದರೆ ತಂತಿ ಬಿಗಿಯುವಾಗ ಕೂಚ ವಾಲುತ್ತದೆ. ಗೇಟಿನ ಎರಡು ಕಂಬಗಳಿಗೆ ಮಾತ್ರ 50×50×6 ಆಂಗಲ್ ಬೇಕು, ಕೀಲು ಕೂರಿಸಲು. ಆಂಗಲ್‌ ಸುತ್ತ ಹಾಕುವ ಕಾಂಕ್ರೀಟನ್ನು ನೆಲದಿಂದ ಎರಡು ಅಂಗುಲ ಮೇಲೆತ್ತಿ ಹೊರಕ್ಕೆ ಇಳಿಜಾರು ಮಾಡಿಸಿ, ಏಕೆಂದರೆ ಅಲ್ಲಿ ನೀರು ನಿಂತರೆ ಕಂಬ ಸರಿಯಾಗಿ ಆ ಗೆರೆಯಲ್ಲಿಯೇ ಕತ್ತರಿಸಿದಂತೆ ಮುರಿಯುತ್ತದೆ. ಹಂದಿಯ ಕಾಟವಿದ್ದರೆ ಬಲೆಯ ಕೆಳ ಅಂಚನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳಿಸಿ.

ಪ್ರಶ್ನೆ ಕೇಳಿದವರು

ಬೇಲಿಗೆ ಕಲ್ಲುಕೂಚ ಮತ್ತು 10 ಗೇಜ್ ಬಲೆ ಎಂದು ನಿಶ್ಚಯಿಸಿದ್ದೇವೆ. ನೀರಿನ ವರದಿ ಇನ್ನೂ ಬರಬೇಕಿದೆ. ಮನೆಗೆ 500ಡಿ ಬಂದಿದ್ದು, ಅದರಲ್ಲಿ 12 ಎಂಎಂ ಸರಳಿನ ಒಂದು ಮೀಟರ್ ತುಂಡನ್ನು ಮೇಸ್ತ್ರಿಯವರೇ ಕತ್ತರಿಸಿ ತೂಗಿಸಿ ತಂದರು: 874 ಗ್ರಾಂ. 8 ಎಂಎಂ ತುಂಡು 352 ಗ್ರಾಂ ಮಾತ್ರ ಇತ್ತು, ಆ ಕಟ್ಟನ್ನು ಇಳಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿದ್ದೇವೆ.