ತುರ್ತು: ‘ಕ್ಲೌಡ್ ಪ್ರಿಂಟಿಂಗ್’ಗೆ ಬೋರ್ಡಿನ ಮೇಲೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಗ್ಗೆ ಶಾಲೆ ಶುರುವಾಗುವುದರೊಳಗೆ ಒಂದು ಬೋರ್ಡು ಅಂಟಿಸಬೇಕು. ಅದಕ್ಕೆ ಪದ ಬೇಕಾಗಿದೆ.

ನಮ್ಮದು ಡೊಂಬಿವಲಿ ಕಡೆಯ ಕನ್ನಡ ಮಾಧ್ಯಮದ ಶಾಲೆ. ಪ್ರಿಂಟರಿಗೆ ಜೋಡಿಸಿದ್ದ ಕಂಪ್ಯೂಟರು ನೆಲಮಹಡಿಯ ಆಫೀಸಿನಲ್ಲಿ ಮೇಜಿನ ಕೆಳಗಿತ್ತು. ಹೋದ ಮಳೆಗಾಲದಲ್ಲಿ ನೀರು ನುಗ್ಗಿ ಅದರ ಕಥೆ ಮುಗಿಯಿತು. ಹೊಸದು ತರುವ ಬದಲು ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡೋಣ ಎಂದು ಆಡಳಿತ ಮಂಡಳಿಯವರು ತೀರ್ಮಾನಿಸಿದ್ದಾರೆ. ಮೋಡದ ನೀರಿನಿಂದ ಕೆಟ್ಟದ್ದಕ್ಕೆ ಮೋಡವೇ ಮದ್ದು ಅಂತ ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ.

ನಡೆಯುವುದು ಹೀಗೆ. ಟೀಚರು ಮನೆಯಿಂದಲೋ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೋ ಮೊಬೈಲಿನಿಂದ ಪ್ರಶ್ನೆಪತ್ರಿಕೆ ಕಳಿಸಬಹುದು. ಅದು ಕೂಡಲೇ ಅಚ್ಚಾಗಿ ಬೀಳುವುದಿಲ್ಲ, ಹೊರಗೆಲ್ಲೋ ಇರುವ ಸರ್ವರಿನಲ್ಲಿ ಕಾದಿರುತ್ತದೆ. ಮೆಷಿನಿನ ಮುಂದೆ ಬಂದು ನಮ್ಮ ನಾಲ್ಕಂಕಿ ಒತ್ತಿದಾಗಲೇ ಕಾಗದ ಹೊರಬರುವುದು. 24 ಗಂಟೆಯೊಳಗೆ ಯಾರೂ ಬರದಿದ್ದರೆ ತಾನಾಗಿ ಅಳಿಸಿಹೋಗುವಂತೆ ಇಟ್ಟಿದ್ದಾರೆ. ಪ್ರಶ್ನೆಪತ್ರಿಕೆ ಟ್ರೇಯಲ್ಲಿ ಬಿದ್ದಿರುವ ಭಯ ಇಲ್ಲ, ರದ್ದಿಯೂ ಕಡಿಮೆ.

ಬೇಕಾದ್ದು: ಈ ಏರ್ಪಾಡಿಗೆ ಒಂದು ಹೆಸರು, ಕಾದಿರುವ ಕೆಲಸಗಳ ಸಾಲಿಗೆ ಒಂದು ಹೆಸರು, ಪರದೆಯ ಮೇಲೆ ‘ರಿಲೀಸ್’ ಎಂದಿರುವ ಗುಂಡಿಗೆ ಕನ್ನಡ. ಮೊಬೈಲಿನ ಅನುವಾದಕ ‘ಮುದ್ರಣ ಬಿಡುಗಡೆ’ ಎಂದಿತು. ಓದಿದರೆ ಶಾಲು, ಹಾರ, ಅಧ್ಯಕ್ಷರು ಎಲ್ಲಿ ಅಂತ ಹುಡುಕುವಂತಾಗುತ್ತದೆ. ಬೋರ್ಡು ಓದುವವರು ಟೀಚರುಗಳು ಮತ್ತು ನಮ್ಮ ಶಿಪಾಯಿ ಮಾಮಾ. ಅವರು ಗುಲ್ಬರ್ಗ ಕಡೆಯವರು. ಬೋರ್ಡಿನ ಮೇಲ್ಗಡೆಯ ಮರಾಠಿ ಸಾಲಿನಲ್ಲಿ ‘ಕ್ಲೌಡ್’ ಎಂದೇ ಬರೆದು ಕೈತೊಳೆದುಕೊಂಡಿದ್ದಾರೆ.

— ಡೊಂಬಿವಲಿಯಿಂದ

*

ಮೇಘಮುದ್ರಣ. ಸರತಿ. ವಿಮೋಚನೆ.

ಇಷ್ಟಕ್ಕೆ ಇಷ್ಟುದ್ದದ ಪತ್ರ ಬೇಕಿರಲಿಲ್ಲ. ಯಾರಾದರೂ ‘ಮೋಡಮುದ್ರಣ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಕನ್ನಡಕ್ಕೆ ಸಂಸ್ಕೃತ ಜೋಡಿಸಿದ ಅರಿಸಮಾಸ.

— ಪುಣೆಯಿಂದ

*

ರಾಯರೇ, ವಿಮೋಚನೆ ಆದದ್ದು 1961ರಲ್ಲಿ, ಗೋವೆಗೆ. ಎಂಟನೆಯ ಕ್ಲಾಸಿನ ಗಣಿತದ ಪತ್ರಿಕೆಗೆ ಅದು ಬೇಡ. ‘ಮೇಘ’ವೂ ಬೇಡ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದದ್ದನ್ನು ಕಂಡವರು ನಾವು. ನಮ್ಮ ಊರಿನ ಆಫೀಸಿನಲ್ಲಿ ಆ ಪದ ಕಂಡರೆ ಜನ ಕಡತ ಎತ್ತಿಕೊಂಡು ಮಹಡಿ ಹತ್ತುತ್ತಾರೆ.

ಕನ್ನಡಕ್ಕೆ ‘ಅಚ್ಚು’ ಇರುವಾಗ ಮುದ್ರಣವೇಕೆ? ಬೆಲ್ಲದಚ್ಚು, ಚಕ್ಕುಲಿ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚು: ಒತ್ತಿ ರೂಪ ಕೊಡುವುದಕ್ಕೆಲ್ಲ ಅದೇ ಪದ. ತಮಿಳರಿಗೂ ಮಲಯಾಳಿಗಳಿಗೂ ಅದೇ. ನಮಗೆ ‘ಅಚ್ಚುಕೂಟ’ ಎಂಬ ಚೆಂದದ ಪದ ಇತ್ತು, ‘ಮುದ್ರಣಾಲಯ’ ಬಂದು ನುಂಗಿಹಾಕಿತು. ಮುಗಿಲು + ಅಚ್ಚು = ಮುಗಿಲಚ್ಚು. ಲೋಪಸಂಧಿ, ನಾಲ್ಕೇ ಅಕ್ಷರ, ಬೋರ್ಡಿನಲ್ಲಿ ಜಾಗವೂ ಉಳಿಯುತ್ತದೆ.

— ಮಾಟುಂಗದಿಂದ

*

ಮುಗಿಲಚ್ಚು ನೋಡಿ ನಗು ತಡೀಲಿಲ್ಲರೀ. ನಮ್ಮ ಧಾರವಾಡ ಕಡೆ ಮುಗಿಲು ಅಂದ್ರ ಆಕಾಶ, ಮೋಡ ಅಲ್ಲ. ಮೋಡಕ್ಕ ಮ್ವಾಡ ಅಂತೀವಿ. ಮಾಮಾ ಗುಲ್ಬರ್ಗದವರು ಅಂತೀರಿ, ಮುಗಿಲಚ್ಚು ಅಂತ ಬರದ್ರ ಅವರು ಕಾಗದಕ್ಕ ಮ್ಯಾಲೆ ನೋಡಕೋತ ನಿಲ್ತಾರ.

ಅಕ್ಕಾರ, ಆ ಹೋಲಿಕೀನೇ ಬಿಟ್ಟುಬಿಡ್ರಿ. ಎಂಜಿನಿಯರುಗಳು ನಕಾಶೆ ಬರಿಯುವಾಗ ‘ಇದರಾಚೆಗಿನ ಟೆಲಿಫೋನ್ ಜಾಲ ನಮಗ ಸಂಬಂಧ ಇಲ್ಲ’ ಅನ್ನಾಕ ಒಂದು ಮೋಡದ ಚಿತ್ರ ತೆಗೀತಿದ್ರು. ಅದೇ ಹೆಸರಾತು. ಹೇಳಲಾರದ್ದನ್ನ ಮುಚ್ಚಿಡಾಕ ತೆಗೆದ ಚಿತ್ರಕ್ಕ ನಾವ್ಯಾಕ ಪದ ಹುಟ್ಟಿಸಬೇಕು? ಗೂಗಲ್‌ದವರ ‘ಕ್ಲೌಡ್ ಪ್ರಿಂಟ್’ ಅಂತೂ 2020ರ ಡಿಸೆಂಬರ್ 31ಕ್ಕ ಬಂದ್ ಆತು.

ಇನ್ನ ಮಾಟುಂಗದವರು ಅಚ್ಚಗನ್ನಡ ಅಂತಾರಲ್ಲ, ಆ ‘ಅಚ್ಚ’ ಸಂಸ್ಕೃತದ ‘ಅಚ್ಛ’ದ ತದ್ಭವ ಅಂತ ನಾವು ಸಾಲ್ಯಾಗ ಓದೀವಿ.

— ವಾಸ್ಕೋದಿಂದ

*

ನಾನು ‘ಅಚ್ಚಗನ್ನಡ’ ಎಂದು ಬರೆದೇ ಇಲ್ಲ, ಇನ್ನೊಮ್ಮೆ ಓದಿ. ಅಚ್ಚ ಬೇರೆ, ಅಚ್ಚು ಬೇರೆ. ‘ಅಕ್ಷ’ದಿಂದ ಬಂದ ಗಾಡಿಯ ಅಚ್ಚು ಇನ್ನೂ ಬೇರೆ. ಮೂರನ್ನೂ ಒಂದೇ ಬಟ್ಟಲಲ್ಲಿ ಕಲಸುವವರ ಜೊತೆ ಏನು ಚರ್ಚೆ? ‘ಕ್ಲೌಡ್’ ಎಂದೇ ಬರೆದುಕೊಳ್ಳಿ. ಹತ್ತು ವರ್ಷ ಬಿಟ್ಟು ಆ ಶಾಲೆಯ ಹೆಸರಿನಲ್ಲಿ ಮಾತ್ರ ಕನ್ನಡ ಇರುತ್ತದೆ.

— ಮಾಟುಂಗದಿಂದ

*

ಕೋಪ ಬೇಡ ಸಾರ್. ಎರವಲು ಬೇಡ ಎನ್ನುವವರು ಒಂದು ಪ್ರಯೋಗ ಮಾಡಲಿ. ಕಾಗದ ಪಾರಸಿ, ಶಾಯಿಯ ಮೂಲವೂ ಪಾರಸಿ, ಛಾಪಾ ಕಾಗದದ ಛಾಪಾ ಆಚೆ ಮನೆಯದು. ಇವೆಲ್ಲ ತೆಗೆದಿಟ್ಟು ಒಂದು ಹಾಳೆ ಪ್ರಿಂಟ್ ಮಾಡಿ ತೋರಿಸಲಿ.

ಇನ್ನೊಂದು. ಮೇಲೆ ನೀವೇ ‘ಕಡತ’ ಎಂದಿರಿ. ಹಿಂದೆ ಕಡತ ಎಂದರೆ ಇದ್ದಲಿನ ಪುಡಿ, ಹುಣಸೆಬೀಜದ ಅಂಟು ಬಳಿದು ಮಡಿಸಿಟ್ಟ ಬಟ್ಟೆ. ಬಳಪದಲ್ಲಿ ಬರೆಯುತ್ತಿದ್ದರು, ಒರೆಸಿ ಮತ್ತೆ ಬರೆಯುತ್ತಿದ್ದರು. ಬಟ್ಟೆ ಹೋಯಿತು, ಹೆಸರು ಆಫೀಸಿನ ಫೈಲಿಗೆ ಬಂದು ಕೂತಿತು, ಈಗ ಕಂಪ್ಯೂಟರಿನೊಳಗಿನ ಫೈಲಿಗೂ ಅದೇ. ಯಾವ ಸಮಿತಿಯೂ ಕೂತು ಟಂಕಿಸಲಿಲ್ಲ. ಕೆಲಸ ಮಾಡುವವರ ಬಾಯಲ್ಲಿ ಏನಿದೆಯೋ ಕೇಳಿ ನೋಡಿ ಟೀಚರ್.

— ಠಾಣೆಯಿಂದ

*

ಬಾಯಲ್ಲಿರುವುದೆಲ್ಲ ಭಾಷೆಯಾದರೆ ನಿಘಂಟು ಏತಕ್ಕೆ? ಮೇಘಮುದ್ರಣವೇ ಸರಿ.

— ಪುಣೆಯಿಂದ

*

ಎಲ್ಲರಿಗೂ ಉಪಕಾರವಾಯಿತು. ಶನಿವಾರ ಮೆಷಿನಿನ ಪರೀಕ್ಷೆ ಆಯಿತು, ಅದರ ಜೊತೆಗೇ ಪದಗಳದ್ದೂ.

ಮೊದಲು ಕಳಿಸಿದ್ದು ಎಂಟನೆಯ ತರಗತಿಯ ಇತಿಹಾಸದ ಪತ್ರಿಕೆ. ಹೊರಬಂದದ್ದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳೇ, ಕೆಲವಕ್ಕೆ ತಲೆಯ ಮೇಲೆ ಚುಕ್ಕೆ, ಕೆಲವಕ್ಕೆ ಕೊಂಬು, ನಡುನಡುವೆ ಪೌಂಡಿನ ಗುರುತು. ಬರೆದ ಮೇಡಂ ಮನೆಯಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಆ ಫಾಂಟು ಸರ್ವರಿನ ಕಡೆ ಇಲ್ಲ. ಫಾಂಟು ಒಳಗೇ ಸೇರಿಸಿ ಪಿಡಿಎಫ್ ಮಾಡಿ ಕಳಿಸಿದ ಮೇಲೆ ಸರಿಯಾಗಿ ಬಂತು. ಹಾಗಾಗಿ ಬೋರ್ಡಿನಲ್ಲಿ ತಲೆಬರಹದ ಕೆಳಗಿನ ಮೊದಲ ಸಾಲೇ ಈಗ ‘ಪಿಡಿಎಫ್ ಮಾಡಿಯೇ ಕಳಿಸಿ’. ಅದಕ್ಕೆ ಕನ್ನಡ ಏನು ಎಂದು ದಯವಿಟ್ಟು ಯಾರೂ ಹೇಳಬೇಡಿ.

ಆಮೇಲೆ ಮಾಮಾನಿಗೆ ತೋರಿಸಿದೆ: ಟೀಚರ್ ಕಳಿಸಿದ್ದು ಇಲ್ಲಿ ಕಾದಿರುತ್ತದೆ, ಅಂಕಿ ಒತ್ತಿದರೆ ಕೊಡುತ್ತದೆ, ಒಂದು ದಿನ ಬಿಟ್ಟರೆ ಹೋಯಿತು. ಅವರು ಒಂದು ಗಳಿಗೆ ಪರದೆ ನೋಡಿ, “ಹಂಗಂದ್ರ ಒತ್ತಿ ಇಟ್ಟಿದ್ದು ಬಿಡಿಸ್ಕೊಂಡಂಗರೀ ಟೀಚರ್. ವಾಯಿದೆ ತಪ್ಪಿದ್ರ ಮುಳುಗಿತು” ಅಂದರು. ಒತ್ತಿ ಅಂದರೆ ಅಡವು. ಬಂಗಾರ ಒತ್ತಿ ಇಟ್ಟು ಬಿಡಿಸಿದವರಿಗೆ ಈ ಗುಂಡಿಯ ಅರ್ಥ ಹೇಳಿಕೊಡಬೇಕಾಗಿಲ್ಲ.

ಬೋರ್ಡಿನ ಮೇಲೆ ಹೀಗೆ ಬರೆಸಿದ್ದೇನೆ:

ಎಲ್ಲಿಂದಾದರೂ ಕಳಿಸಿ, ಇಲ್ಲಿ ಪ್ರಿಂಟ್ ಪಡೆಯಿರಿ
ಪಿಡಿಎಫ್ ಮಾಡಿಯೇ ಕಳಿಸಿ
ಕಾದಿರುವ ಕಾಗದಗಳು
ಅಂಕಿ ಒತ್ತಿ ಬಿಡಿಸಿಕೊಳ್ಳಿ
ವಾಯಿದೆ: 24 ಗಂಟೆ

ಮೋಡ, ಮೇಘ, ಮುಗಿಲು ಯಾವುದೂ ಬರಲಿಲ್ಲ, ಕ್ಷಮಿಸಿ. ‘ಪ್ರಿಂಟ್’ ಹಾಗೇ ಉಳಿಯಿತು. ‘ಅಚ್ಚು’ ಬರೆಸಿದ್ದೆ, ಮಕ್ಕಳ ಬಿಸಿಯೂಟದ ಮಾವಶಿ ಒಬ್ಬರು ಓದಿ, ಇಲ್ಲಿ ಚಕ್ಕುಲಿ ಅಚ್ಚು ಕೊಡುತ್ತೀರಾ ಎಂದು ಕೇಳಿದರು.

— ಡೊಂಬಿವಲಿಯಿಂದ

*

‘ವಾಯಿದೆ’ ಅರಬ್ಬಿ. ‘ಗಡುವು’ ಇರಲಿಲ್ಲವೇ?

— ಮಾಟುಂಗದಿಂದ