ಸಿಎಸ್‌ಆರ್ ಮೇಲೆ ಪ್ರಬಂಧ ಬರೆಯೋಣ ಅಂತಿದೆ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಓದಿದವರು, ಕೆಲಸ ಮಾಡಿದವರು ಹೇಳಿ

ಕೇಳಿದ್ದು:

ನಾನು ಕುಮಟಾದವಳು. ಕಾರವಾರದಲ್ಲಿ ಎಂಕಾಂ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಬಂಧಕ್ಕೆ ವ್ಯವಹಾರದ ನೀತಿ ಮತ್ತು ಕಂಪನಿಗಳ ಸಾಮಾಜಿಕ ಹೊಣೆ, ಅದೇ ಸಿಎಸ್‌ಆರ್, ತೆಗೆದುಕೊಳ್ಳುವ ಮನಸ್ಸಿದೆ. ನಮಗೆ ಇದು ಒಂದೇ ಪೇಪರ್. ಅದರಲ್ಲೂ ಉದಾಹರಣೆಯೆಲ್ಲ ಅಮೆರಿಕದ್ದು. "ಅದರಿಂದ ಎಂತ ಸಿಗ್ತದೆ, ಬ್ಯಾಂಕ್ ಪರೀಕ್ಷೆಗೆ ಓದು" ಅಂತ ಅಪ್ಪ ಹೇಳುತ್ತಾರೆ. ಮುಂದೆ ಕೆಲಸ ಇದೆಯಾ? ಊರ ಹತ್ತಿರದ ವಿಷಯ ಹೇಗೆ ಆರಿಸುವುದು?

ಅಂಕೋಲಾದವನು, ಈಗ ಬೆಂಗಳೂರಲ್ಲಿ:

ಅಪ್ಪ ಹೇಳಿದಂತೆ ಬ್ಯಾಂಕ್ ಪರೀಕ್ಷೆಯನ್ನೂ ಬರೆಯಿರಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ನಾನು ಕಂಪನಿಯೊಂದರ ಸಿಎಸ್‌ಆರ್ ತಂಡದಲ್ಲಿದ್ದೇನೆ. ಹೊರಗಿನವರಿಗೆ ಕಾಣುವುದು ಶಾಲೆಗೆ ಬೆಂಚು ಕೊಡುವ ಫೋಟೊ. ಒಳಗೆ ಮುಕ್ಕಾಲು ಪಾಲು ಲೆಕ್ಕದ ಕೆಲಸ. ನಾವು ದುಡ್ಡು ಕೊಡುವ ಸಂಸ್ಥೆ ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಣಿ ಮಾಡಿಸಿದೆಯಾ, ಹಣ ಬಳಸಿದ ಪ್ರಮಾಣಪತ್ರ ಬಂತಾ, ಆಡಳಿತ ಖರ್ಚು 5% ದಾಟಿತಾ, ಮಾರ್ಚ್ 31ಕ್ಕೆ ಎಷ್ಟು ಉಳಿಯಿತು. ಮುಂದುವರಿಯುವ ಯೋಜನೆಯ ದುಡ್ಡು ಉಳಿದರೆ 30 ದಿನದೊಳಗೆ ಅದಕ್ಕೆಂದೇ ಇರುವ ಖಾತೆಗೆ ಹಾಕಿ, ಮೂರು ವರ್ಷದೊಳಗೆ ಖರ್ಚು ಮಾಡಬೇಕು. ಮಾರ್ಚ್ ತಿಂಗಳಲ್ಲಿ ನಮ್ಮ ಆಫೀಸಿಗೆ ಬಂದು ನೋಡಿದರೆ ಸಮಾಜಸೇವೆಯ ಮೇಲಿನ ಆಸೆ ಅಲ್ಲೇ ಬಿಟ್ಟುಹೋಗುತ್ತದೆ!

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಿ ಬಂದವರಿಗೆ ಹಳ್ಳಿಯ ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ಬ್ಯಾಲೆನ್ಸ್ ಶೀಟ್ ಅಂದರೆ ಹೆದರುತ್ತಾರೆ. ನಿಮಗೆ ಆ ಹೆದರಿಕೆ ಇಲ್ಲ, ಅಲ್ವಾ? ಅದೇ ನಿಮ್ಮ ಬಲ. ಈಗ ಕೆಲಸ ಜಾಸ್ತಿ ಹುಟ್ಟುತ್ತಿರುವುದು ಬಿಆರ್‌ಎಸ್‌ಆರ್ ಎಂಬ ವರದಿಯ ಕಡೆ. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಪರಿಸರ, ಕಾರ್ಮಿಕರು, ಸಮಾಜ ಇವುಗಳ ವಿಷಯದಲ್ಲಿ ಏನು ಮಾಡಿದವು ಎಂದು ಈ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದನ್ನು ತುಂಬುವವರು, ಪರಿಶೀಲಿಸುವವರು ಬೇಕು. ಆದರೆ ಮನೆಯಿಂದಲೇ ಓಡಾಡುತ್ತೇನೆ ಅಂದರೆ ಕಷ್ಟ. ಬೆಂಗಳೂರು, ಪುಣೆ, ಮುಂಬೈ ಕಡೆ ಹೋಗಬೇಕಾಗುತ್ತದೆ.

ಪಾಠ ಮಾಡುವವಳು, ಕಾರವಾರ:

ತಂಗಿ, ನನ್ನ ಟೇಬಲ್ಲಿಗೆ ಬರುವ ಪ್ರಬಂಧಗಳಲ್ಲಿ ಹೆಚ್ಚಿನವು "ಇಂಥ ಕಂಪನಿಯ ಸಿಎಸ್‌ಆರ್ ಚಟುವಟಿಕೆಗಳು: ಒಂದು ಅಧ್ಯಯನ" ಅಂತಲೇ ಇರುತ್ತವೆ. ಒಳಗೆ ಕಂಪನಿಯ ವೆಬ್‌ಸೈಟಿನಿಂದ ಎತ್ತಿದ ನಾಲ್ಕು ಪುಟ, ಗೆಳತಿಯರಿಗೆ ಗೂಗಲ್ ಫಾರ್ಮ್ ಕಳಿಸಿ ಮಾಡಿದ ಪೈ ಚಾರ್ಟು. ಅದನ್ನು ಮಾಡಬೇಡ. ಮಾರ್ಕ್ಸ್ ಬರಬಹುದು, ಕಲಿಯುವುದು ಏನೂ ಇರುವುದಿಲ್ಲ.

ಮೊದಲು ಕಾಯ್ದೆಯನ್ನೇ ಓದು, ಗೈಡ್ ಬೇಡ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ಹಿಂದಿನ ವರ್ಷ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಆ ಕಂಪನಿ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಮೊದಲು, ಖರ್ಚಾಗದಿದ್ದರೆ ಕಾರಣ ಬರೆದು ಕೈತೊಳೆದುಕೊಳ್ಳಬಹುದಿತ್ತು. 2021ರ ಜನವರಿಯ ತಿದ್ದುಪಡಿ ಆ ಬಾಗಿಲು ಮುಚ್ಚಿತು, ದಂಡವೂ ಬಂತು.

ಈಗ ನೀತಿಯ ಕಡೆ ಬಾ. ನಿಮ್ಮ ಪುಸ್ತಕದಲ್ಲಿ ಅಮೆರಿಕದ ಪ್ರಾಧ್ಯಾಪಕ ಕ್ಯಾರಲ್ ಅವರು 1991ರಲ್ಲಿ ಕೊಟ್ಟ, ಕಂಪನಿಯ ಹೊಣೆಗಳ ಪಿರಮಿಡ್ ಇರುತ್ತದೆ. ತಳದಲ್ಲಿ ಲಾಭ, ಅದರ ಮೇಲೆ ಕಾನೂನು, ಅದರ ಮೇಲೆ ನೀತಿ, ತುದಿಯಲ್ಲಿ ದಾನಧರ್ಮ. ಎಲ್ಲರೂ ಚಿತ್ರ ಬಿಡಿಸಿ ಮುಂದೆ ಹೋಗುತ್ತಾರೆ. ನಮ್ಮ ದೇಶ ಏನು ಮಾಡಿತು ನೋಡು: ತುದಿಯಲ್ಲಿದ್ದದ್ದನ್ನು ತೆಗೆದು ಎರಡನೇ ಮೆಟ್ಟಿಲಿಗೆ, ಕಾನೂನಿಗೆ, ಹಾಕಿತು. ಹಾಗಾದರೆ ನಡುವಿನ ನೀತಿಯ ಮೆಟ್ಟಿಲು ಎಲ್ಲಿ ಹೋಯಿತು? 2% ಕೊಟ್ಟ ಕಂಪನಿ ಉಳಿದ ಲಾಭವನ್ನು ಹೇಗೆ ಗಳಿಸಿತು ಎಂದು ಈ ಸೆಕ್ಷನ್ ಕೇಳುವುದೇ ಇಲ್ಲ. ನನ್ನ ಪ್ರಕಾರ ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕಾದದ್ದು ಇದು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನವನ್ನೂ ಓದಿಬಿಡು. ಮ್ಯಾನೇಜರು ದಾನ ಮಾಡುವುದು ಬೇರೆಯವರ ದುಡ್ಡಿನಲ್ಲಿ ಅಲ್ಲವೇ ಅನ್ನುವ ಅವರ ವಾದಕ್ಕೆ ಉತ್ತರ ಕೊಡುವುದು ಅಷ್ಟು ಸುಲಭ ಅಲ್ಲ.

ಇನ್ನೊಂದು ವಿಷಯ ಹೆಚ್ಚಿನ ವಿದ್ಯಾರ್ಥಿಗಳು ಗಮನಿಸುವುದಿಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ. ಪರಿಸರ ಅನುಮತಿಯ ಷರತ್ತಿನಲ್ಲಿ ಗಿಡ ನೆಡಬೇಕು ಎಂದಿದ್ದರೆ ಆ ಗಿಡ ಸಿಎಸ್‌ಆರ್ ಅಲ್ಲ. ಸ್ವಂತ ನೌಕರರಿಗೆ ಮಾತ್ರ ಆಗುವ ಸೌಲಭ್ಯವೂ ಅಲ್ಲ. ಒಂದು ಕೈಯಲ್ಲಿ ಅನುಮತಿ ಪತ್ರ, ಇನ್ನೊಂದರಲ್ಲಿ ಸಿಎಸ್‌ಆರ್ ವರದಿ ಇಟ್ಟುಕೊಂಡು ಹೋಲಿಸು. ಒಂದು ಅಧ್ಯಾಯ ಅಲ್ಲೇ ಸಿಗುತ್ತದೆ.

ವಿಷಯ ಸಣ್ಣದಿರಲಿ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಸೆಕ್ಷನ್ನಿನಲ್ಲೇ ಇದೆ. ಆ ಪ್ರದೇಶ ಎಲ್ಲಿಯವರೆಗೆ? ಕಾಳಿ ನದಿ ಜೋಯಿಡಾದಲ್ಲಿ ಹುಟ್ಟಿ, ಸೂಪಾ, ದಾಂಡೇಲಿ, ಕದ್ರಾ ದಾಟಿ ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತದೆ. ನದಿಯ ಮೇಲುಭಾಗದಲ್ಲಿರುವ ಕಾರ್ಖಾನೆಗೆ ಕೆಳಗಿನ ಮೀನುಗಾರ "ಸ್ಥಳೀಯ"ನೋ ಅಲ್ಲವೋ? ಒಂದೇ ಪಂಚಾಯತಿ ಹಿಡಿದುಕೋ. ಕಂಪನಿ ದುಡ್ಡಲ್ಲಿ ಏನೇನು ಆಯಿತು, ಯಾರು ಕೇಳಿದ್ದರು, ಗ್ರಾಮಸಭೆಯ ನಡಾವಳಿಯಲ್ಲಿ ಆ ಬೇಡಿಕೆ ಇತ್ತಾ. ಎಷ್ಟು ಕೊಟ್ಟರು ಅನ್ನುವುದಕ್ಕಿಂತ ಯಾರನ್ನು ಕೇಳಿ ಕೊಟ್ಟರು ಅನ್ನುವುದು ಗಟ್ಟಿ ಪ್ರಶ್ನೆ.

ಶಿರಸಿಯಿಂದ, ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು:

ಅಕ್ಕೋರು ಹೇಳಿದ್ದು ಸರಿ. ಆದರೆ ಎಲ್ಲರೂ ಕಂಪನಿ ಹಿಂದೆ ಹೋಗುತ್ತೀರಿ. ಘಟ್ಟದ ಮೇಲೆ ಬನ್ನಿ. ಇಲ್ಲಿ ಅಡಿಕೆ ವ್ಯಾಪಾರ ನಡೆಸುವುದು ಬಹುಪಾಲು ಸಹಕಾರಿ ಸಂಘಗಳು. ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ ಶುರುವಾದದ್ದು 1923ರಲ್ಲಿ, ಸಿಎಸ್‌ಆರ್ ಎಂಬ ಮಾತೇ ಇಲ್ಲದ ಕಾಲ. ಸಂಘಗಳು ಕಂಪನಿ ಕಾಯ್ದೆಯಲ್ಲಿ ನೋಂದಣಿಯಾದವಲ್ಲ, ಹಾಗಾಗಿ ವಹಿವಾಟು ಎಷ್ಟೇ ಇದ್ದರೂ 135ನೇ ಸೆಕ್ಷನ್ ಅವುಗಳಿಗೆ ಬರುವುದಿಲ್ಲ. ಆದರೆ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಕೊನೆಯದು ಸಮುದಾಯದ ಕಾಳಜಿ. ಕಾನೂನಿನ ಒತ್ತಾಯ ಇಲ್ಲದ ಕಡೆ ಆ ಕಾಳಜಿ ಎಷ್ಟಿದೆ? ಸದಸ್ಯರಲ್ಲದ ಕೊನೆಗೌಡನಿಗೆ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನಿಗೆ), ಅಡಿಕೆ ಸುಲಿಯುವ ಹೆಂಗಸರಿಗೆ ಸಂಘದಿಂದ ಏನು ಸಿಗುತ್ತದೆ? ಇದನ್ನು ಯಾರಾದರೂ ಬರೆಯಲಿ ಅಂತ ನನಗೆ ಬಹಳ ದಿನದ ಆಸೆ. ಕೊಯ್ಲಿನ ಸಮಯದಲ್ಲಿ ಮಾತ್ರ ಪ್ರಶ್ನಾವಳಿ ಹಿಡಿದು ಬರಬೇಡಿ. ಚಾ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಹೊನ್ನಾವರದವನು:

ನಮ್ಮದು ಮೀನುಗಾರರ ಮನೆ. ಎಂಬಿಎ ಓದುವಾಗ ಕರಾವಳಿಯ ಒಂದು ಯೋಜನೆಯ ಬಗ್ಗೆ ಬರೆದಿದ್ದೆ. ಜನರ ಹತ್ತಿರ ಮಾತಾಡುವ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಕಂಪನಿಯವರ ಜೀಪಿನಲ್ಲಿ ಊರಿಗೆ ಹೋಗಬೇಡಿ. ಅವರು ತೋರಿಸುವ ಮನೆಗಳೇ ಬೇರೆ. ನಿಮ್ಮನ್ನು ಕಂಪನಿ ಕಡೆಯವರು ಅಂತ ಒಮ್ಮೆ ಅಂದುಕೊಂಡರೆ ಆಮೇಲೆ ನಿಜ ಹೊರಗೆ ಬರುವುದಿಲ್ಲ. ಬಸ್ಸಿಗೆ ಹೋಗಿ, ಯಾರ ಮಗಳು ಅಂತ ಹೇಳಿ, ಕೂತ್ಕೊಳ್ಳಿ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುತ್ತದೆ. ಬೋಟಿನ ಜನ ಮನೆಯಲ್ಲಿರುತ್ತಾರೆ, ಬಲೆ ಸರಿಮಾಡುತ್ತಾ ಮಾತಾಡುತ್ತಾರೆ. ಆಗಸ್ಟ್ ಬಂತೋ, ಯಾರೂ ಸಿಗುವುದಿಲ್ಲ. ಮೀನು ಮಾರುವ ಹೆಂಗಸರನ್ನು ಪೇಟೆಯಲ್ಲಿ ಮಾತಾಡಿಸಬೇಡಿ, ಅದು ಅವರ ವ್ಯಾಪಾರದ ಹೊತ್ತು. ಮಧ್ಯಾಹ್ನದ ಮೇಲೆ ಮನೆಗೆ ಹೋಗಿ. ಗಂಡಸರು ಪಕ್ಕದಲ್ಲಿದ್ದರೆ ಅವರೇ ಉತ್ತರ ಕೊಟ್ಟುಬಿಡುತ್ತಾರೆ, ಹಾಗಾಗಿ ಬೇರೆಯಾಗಿಯೇ ಕೇಳಿ. ಖಾರ್ವಿ ಮೀನುಗಾರರ ಕೇರಿಯಲ್ಲಿ ಕೊಂಕಣಿ ಬರುವವರನ್ನು ಜೊತೆಗೆ ಕರೆದುಕೊಳ್ಳಿ.

ನಾನು ಕಲಿತದ್ದರಲ್ಲಿ ದೊಡ್ಡದು ಇದು. ಕಾಗದದಲ್ಲಿ ಕಡಲ ದಂಡೆ ಅಂದರೆ ಖಾಲಿ ಮರಳು. ನಿಜದಲ್ಲಿ ಅಲ್ಲಿ ಒಣಮೀನು ಹರವುತ್ತಾರೆ, ದೋಣಿ ಎಳೆದಿಡುತ್ತಾರೆ. ಯಾರ ಹೆಸರಿನಲ್ಲೂ ಆರ್‌ಟಿಸಿ (ಪಹಣಿ) ಇಲ್ಲ, ಆದ್ದರಿಂದ ನಷ್ಟದ ಪಟ್ಟಿಯಲ್ಲೂ ಅವರ ಹೆಸರಿಲ್ಲ. ನೀವು ಪ್ರಶ್ನಾವಳಿ ಮಾಡುವಾಗ "ನಿಮ್ಮ ಜಮೀನು ಎಷ್ಟು" ಅಂತ ಶುರು ಮಾಡಿದರೆ ಅವರು ನಿಮ್ಮ ಲೆಕ್ಕದಿಂದಲೂ ಹೊರಗೆ.

ಯಲ್ಲಾಪುರದಿಂದ:

ಬೇಸರ ಮಾಡಿಕೊಳ್ಳಬೇಡಿ, ಇದೆಲ್ಲ ಸುಮ್ನೆ ಕಂಪನಿಗೆ ಬಣ್ಣ ಹಚ್ಚುವ ಕೆಲಸ ಅಂತ ನನ್ನ ಅಭಿಪ್ರಾಯ. ಅರಬೈಲು ಘಟ್ಟದಲ್ಲಿ ಅದಿರಿನ ಲಾರಿ ಸಾಲು ನೋಡಿ ಬೆಳೆದವರು ನಾವು. ಜಪ್ತಿ ಮಾಡಿದ್ದ ಅದಿರು 2010ರಲ್ಲಿ ಬೇಲೆಕೇರಿ ಬಂದರಿನಿಂದ ಕಾಣೆಯಾಯಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ನೀತಿ ಪಾಠ ಬೇಕಾದರೆ ಆ ವರದಿ ಓದಿ. ಗಣಿಯಿಂದ ಹಡಗಿನವರೆಗೆ ಎಷ್ಟು ಕೈ ದಾಟಿತು, ಪ್ರತಿಯೊಬ್ಬರೂ ತಮ್ಮ ಕೆಲಸ ಮಾತ್ರ ಮಾಡಿದೆವು ಅಂತ ಹೇಗೆ ಹೇಳಬಹುದು ಅಂತ ಗೊತ್ತಾಗುತ್ತದೆ.

ಕೇಳಿದವಳು ಮತ್ತೆ:

ಎಲ್ಲರಿಗೂ ಧನ್ಯವಾದ. ಯಲ್ಲಾಪುರದ ಅಣ್ಣ, ಬೈದರೂ ಒಳ್ಳೆ ವಿಷಯ ಕೊಟ್ಟಿರಿ. ಕಾಳಿ ಕಡೆಯ ಒಂದು ಪಂಚಾಯತಿ ನೋಡೋಣ ಅಂದುಕೊಂಡೆ. ಕಂಪನಿಯವರು ಮಾಹಿತಿ ಕೊಡದಿದ್ದರೆ ಏನು ಮಾಡುವುದು?

ಪಾಠ ಮಾಡುವವಳು, ಕಾರವಾರ:

ಬಹಳಷ್ಟು ಮಾಹಿತಿ ಕೇಳದೆಯೇ ಸಿಗುತ್ತದೆ. ಸಿಎಸ್‌ಆರ್ ವರದಿ ಕಂಪನಿಯ ವಾರ್ಷಿಕ ವರದಿಯ ಜೊತೆ ಲಗತ್ತಾಗಿರುತ್ತದೆ. ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲಿನಲ್ಲಿ ಜಿಲ್ಲಾವಾರು ಖರ್ಚು ಸಿಗುತ್ತದೆ. 10 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿ, 1 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ಯೋಜನೆಗಳಿಗೆ ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು. ಅದನ್ನು ಓದಿಕೊಂಡು ಅದೇ ಊರಿಗೆ ಹೋಗಿ ಕೇಳು.

ಖಾಸಗಿ ಕಂಪನಿಗೆ ನೇರವಾಗಿ ಆರ್‌ಟಿಐ ಹಾಕಲು ಬರುವುದಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಸರ್ಕಾರಿ ಕಂಪನಿ, ಅದಕ್ಕೆ ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಪರಿಸರ ಅಹವಾಲು ಸಭೆಯ ನಡಾವಳಿಯನ್ನೂ ಹುಡುಕು. ಪರಿಸರ ಅನುಮತಿಯ 2006ರ ಅಧಿಸೂಚನೆ ಪ್ರಕಾರ ಯೋಜನೆಯ ಸಾರಾಂಶ ಕನ್ನಡದಲ್ಲೂ ಇರಬೇಕು, ಸಭೆಯ ವಿಡಿಯೊ ಆಗಿರಬೇಕು. ಕೈಗಾದ 5 ಮತ್ತು 6ನೇ ಘಟಕಕ್ಕೆ 2018ರಲ್ಲಿ ಮಲ್ಲಾಪುರದಲ್ಲಿ ಸಭೆ ಆಗಿತ್ತು, ಅದರಿಂದ ಶುರು ಮಾಡು. ಪಂಚಾಯತಿಯಲ್ಲಿ ಪಿಡಿಒ ಹತ್ತಿರ ಹೋಗುವಾಗ ಕಾಲೇಜಿನ ಪತ್ರ ಇರಲಿ. ಸೋಮವಾರ ಬೇಡ, ಅವತ್ತು ಗದ್ದಲ ಜಾಸ್ತಿ.